ದಮ್ಮು ಇದ್ದವರಿಗೆ ಕೊರೊನಾ ಬಂದರೆ: ಅಂಜುವ ಮೊದಲು ಪಂಪ್ ನೋಡಿಕೊಳ್ಳಿ

ದೀಪಾವಳಿ ಮುಗಿಯುತ್ತಿದ್ದಂತೆ ಮುಧೋಳ, ಜಮಖಂಡಿ, ಗೋಕಾಕ, ಅಥಣಿ ಸೀಮೆಯಲ್ಲಿ ಕಬ್ಬಿನ ಹಂಗಾಮು. ಕಟಾವಾದ ಹೊಲದ ರವದಿಗೆ (ಕಬ್ಬಿನ ಒಣಗರಿಗೆ) ಬೆಂಕಿ ಬೀಳುತ್ತದೆ. ಅತ್ತ ಇಂಡಿ, ಸಿಂದಗಿ, ಬಸವನಬಾಗೇವಾಡಿ ಕಡೆ ತೊಗರಿ ರಾಶಿಯ ದೂಳು, ಅದು ಮುಗಿಯಿತೆನ್ನುವಷ್ಟರಲ್ಲಿ ಬಿಳಿಜೋಳದ ಸುಂಕು. ಜೊತೆಗೆ ವಿಜಯಪುರದ ನಸುಕಿನ ಚಳಿ. ಜನ ದಮ್ಮು ಎನ್ನುವ ಅಸ್ತಮಾ ಇದ್ದವರ ಎದೆ ಸುಂಯ್‌ಗುಡುವುದು ಇದೇ ದಿನಗಳಲ್ಲಿ. ನೆಗಡಿ, ಜ್ವರದ ವೈರಾಣುಗಳು ಮನೆಮನೆ ತಿರುಗುವುದೂ ಇದೇ ಹೊತ್ತಿಗೆ. ಅವುಗಳಲ್ಲಿ ಕೊರೊನಾ ಕೂಡ ಒಂದು. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಜಾಗತಿಕ ತುರ್ತುಸ್ಥಿತಿ ಮುಗಿಯಿತು ಎಂದಿತೇ ಹೊರತು ವೈರಾಣು ಮುಗಿಯಿತು ಎನ್ನಲಿಲ್ಲ.

‘ನನಗ ದಮ್ಮೈತ್ರಿ, ಕೊರೊನಾ ಬಂದ್ರ ಗತಿ ಏನ್ರಿ?’ ಎಂಬ ಪ್ರಶ್ನೆಗೆ 2020ರಲ್ಲಿ ವೈದ್ಯರ ಬಳಿಯೂ ಗಟ್ಟಿ ಉತ್ತರ ಇರಲಿಲ್ಲ. ಶ್ವಾಸಕೋಶಕ್ಕೆ ಬೀಳುವ ರೋಗ, ಮೊದಲೇ ಸೋತ ಶ್ವಾಸನಾಳ, ಅಂಜಿಕೆ ಸಹಜವೇ. ಆಮೇಲೆ ಹಲವು ದೇಶಗಳ ಲೆಕ್ಕ ಕೂಡಿದಾಗ ಚಿತ್ರ ಬೇರೆಯಾಯಿತು. ಸೌಮ್ಯ ಅಥವಾ ಮಧ್ಯಮ ಅಸ್ತಮಾ ಇದ್ದು ಅದು ಔಷಧಿಯಿಂದ ಹತೋಟಿಯಲ್ಲಿದ್ದವರಿಗೆ, ಕೊರೊನಾ ಉಲ್ಬಣಿಸುವ ಅಪಾಯ ಉಳಿದವರಿಗಿಂತ ಹೆಚ್ಚೇನೂ ಕಾಣಲಿಲ್ಲ. ಅಪಾಯ ಏರಿದ್ದು ತೀವ್ರ ಅಸ್ತಮಾದವರಿಗೆ, ಇತ್ತೀಚೆಗೆ ಸ್ಟಿರಾಯ್ಡ್ ಗುಳಿಗೆ ನುಂಗಬೇಕಾಗಿ ಬಂದವರಿಗೆ, ಉಸಿರು ಕಟ್ಟಿ ಆಸ್ಪತ್ರೆ ಸೇರಿದವರಿಗೆ. ನಮ್ಮ ಸರ್ಕಾರ 2021ರ ಮಾರ್ಚ್ 1ರಿಂದ 45 ದಾಟಿದ ರೋಗಿಗಳಿಗೆ ಲಸಿಕೆ ಕೊಡಲು ಶುರುಮಾಡಿದಾಗ, ಆ ಪಟ್ಟಿಯಲ್ಲಿ ಇದ್ದದ್ದು ಎಲ್ಲ ಅಸ್ತಮಾ ಅಲ್ಲ. ಎರಡು ವರ್ಷದೊಳಗೆ ಆಸ್ಪತ್ರೆ ಸೇರಿಸುವಷ್ಟು ತೀವ್ರವಾದ ಉಸಿರಾಟದ ಕಾಯಿಲೆ.

ಅಂದರೆ ನಿಮ್ಮ ಅಪಾಯದ ಬಹುಪಾಲು ನಿಮ್ಮ ಚೀಟಿಯಲ್ಲಿ ಬರೆದ ರೋಗದ ಹೆಸರಿನಲ್ಲಿಲ್ಲ, ಅದು ಎಷ್ಟು ಹತೋಟಿಯಲ್ಲಿದೆ ಎಂಬುದರಲ್ಲಿದೆ. ಅದನ್ನು ಜ್ವರ ಬರುವ ಮೊದಲೇ ಸರಿಮಾಡಿಕೊಳ್ಳಬಹುದು.

ಹಂತ 1: ನಾಲ್ಕು ಪ್ರಶ್ನೆ ಕೇಳಿಕೊಳ್ಳಿ

ಕಳೆದ ನಾಲ್ಕು ವಾರ ನೆನಪಿಸಿಕೊಳ್ಳಿ. ಹಗಲು ಹೊತ್ತು ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಎದೆ ಬಿಗಿಯಿತೇ? ರಾತ್ರಿ ಕೆಮ್ಮಿ, ತೇಕಿ ಎಚ್ಚರವಾಯಿತೇ? ತಕ್ಷಣದ ಆರಾಮಿನ ಪಂಪನ್ನು (ಮದ್ದು ಎಳೆದುಕೊಳ್ಳುವ ಇನ್‌ಹೇಲರ್) ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಹೊಡೆದಿರಾ? ದಮ್ಮಿನಿಂದಾಗಿ ಹೊಲದ ಕೆಲಸವೋ ಮಾಳಿಗೆ ಹತ್ತುವುದೋ ನಿಂತಿತೇ? ನಾಲ್ಕಕ್ಕೂ ‘ಇಲ್ಲ’ ಎಂದರೆ ಅಸ್ತಮಾ ಹತೋಟಿಯಲ್ಲಿದೆ. ಒಂದೆರಡಕ್ಕೆ ‘ಹೌದು’ ಎಂದರೆ ಅರೆಬರೆ. ಮೂರು, ನಾಲ್ಕಕ್ಕೆ ‘ಹೌದು’ ಎಂದರೆ ಈ ವಾರವೇ ವೈದ್ಯರನ್ನು ಕಾಣಿ.

ಇದರ ಜೊತೆ ಉಳಿದ ಲೆಕ್ಕವೂ ಬೇಕು. ವಯಸ್ಸು 60 ದಾಟಿದ್ದರೆ, ಸಕ್ಕರೆ ಕಾಯಿಲೆ, ಹೃದ್ರೋಗ, ಮೂತ್ರಪಿಂಡದ ತೊಂದರೆ ಅಥವಾ ಅತಿ ಬೊಜ್ಜು ಇದ್ದರೆ, ಕೊರೊನಾ ವಿಷಯದಲ್ಲಿ ಸೌಮ್ಯ ಅಸ್ತಮಾಕ್ಕಿಂತ ಅವೇ ದೊಡ್ಡ ಚಿಂತೆ. ಇನ್ನೊಂದು ಮಾತು: ಹರೆಯದಿಂದ ಬೀಡಿ ಸೇದಿದ ಅಜ್ಜನಿಗೂ, ಜೀವಮಾನವೆಲ್ಲ ಒಲೆಯ ಹೊಗೆ ಕುಡಿದ ಅಜ್ಜಿಗೂ ಮನೆಯವರು ‘ದಮ್ಮು’ ಅಂದೇ ಹೇಳುತ್ತಾರೆ. ಅದು ಎಷ್ಟೋ ಸಲ ಅಸ್ತಮಾ ಅಲ್ಲ, ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಅದರಲ್ಲಿ ಕೊರೊನಾದ ಅಪಾಯ ನಿಜಕ್ಕೂ ಹೆಚ್ಚು. ಯಾವುದೆಂದು ತಿಳಿಯಲು ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ ಇದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ವೈದ್ಯಕೀಯ ಕಾಲೇಜುಗಳಿವೆ, ಅಲ್ಲಿನ ಎದೆರೋಗ ವಿಭಾಗದಲ್ಲಿ ವಿಚಾರಿಸಿ.

ಹಂತ 2: ಪಂಪ್ ಯಾವುದು, ಹೇಗೆ

ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ನಮ್ಮ ಕಡೆ ಎಲ್ಲ ಕೆಡುವುದು ಇಲ್ಲೇ. ‘ಪಂಪ್ ಹಿಡಿದ್ರ ಚಟಾ ಬೀಳತೈತಿ’ ಎಂದು ನಿಲ್ಲಿಸಿದವರು ಪ್ರತಿ ಓಣಿಗೂ ಸಿಗುತ್ತಾರೆ. ಅವರೇ ಹೆಸರಿಲ್ಲದ ಪುಡಿಯನ್ನು ಕಣ್ಣುಮುಚ್ಚಿ ನುಂಗುತ್ತಾರೆ. ಮೃಗಶಿರಾ ಮಳೆಗೆ ಮೀನಿನ ಔಷಧಿಗೆಂದು ಹೈದರಾಬಾದಿಗೆ ಹೋಗಿ ಬರುವುದು ಅವರವರ ನಂಬಿಕೆ. ಹೋಗಿ ಬಂದ ಮೇಲೆ ಪಂಪ್ ಬಿಸಾಕುವುದು ಮಾತ್ರ ಬೇಡ.

ಪಂಪಿನಲ್ಲಿ ಎರಡು ಬಗೆ. ಸಾಲ್ಬುಟಮಾಲ್ ಇರುವುದು ಬಿಗಿದ ಶ್ವಾಸನಾಳವನ್ನು ತಕ್ಷಣ ಸಡಿಲಿಸುತ್ತದೆ, ಒಳಗಿನ ಬಾವು ಹಾಗೇ ಉಳಿಯುತ್ತದೆ. ಬಾವು ಇಳಿಸುವುದು ಬ್ಯುಡೆಸೊನೈಡ್, ಫ್ಲುಟಿಕಾಸೋನ್‌ನಂಥ ಸ್ಟಿರಾಯ್ಡ್ ಪಂಪ್. ಆರಾಮ ತಕ್ಷಣ ಕಾಣುವುದಿಲ್ಲವಾದ್ದರಿಂದ ಜನ ಬಿಡುವುದು ಇದನ್ನೇ. ಬರೀ ಸಾಲ್ಬುಟಮಾಲ್ ನೆಚ್ಚಿಕೊಳ್ಳುವುದು ಬೇಡ ಎಂದು ಅಂತರರಾಷ್ಟ್ರೀಯ ಅಸ್ತಮಾ ಮಾರ್ಗಸೂಚಿ 2019ರಿಂದಲೇ ಹೇಳುತ್ತಿದೆ. 200 ಸಲ ಹೊಡೆಯುವ ಸಾಲ್ಬುಟಮಾಲ್ ಡಬ್ಬಿ ವರ್ಷಕ್ಕೆ ಮೂರು ಅಥವಾ ಹೆಚ್ಚು ಖಾಲಿಯಾದರೆ ಉಬ್ಬಸ ಉಲ್ಬಣಿಸುವ ಅಪಾಯ ಏರುತ್ತದೆ. ಡಬ್ಬಿಯ ಬಣ್ಣ ನಂಬಬೇಡಿ, ಮೇಲಿನ ಔಷಧಿಯ ಹೆಸರು ಓದಿಸಿಕೊಳ್ಳಿ.

‘ಸ್ಟಿರಾಯ್ಡ್ ಎಂದರೆ ರೋಗನಿರೋಧಕ ಶಕ್ತಿ ಕುಂದುತ್ತದಲ್ಲ, ಕೊರೊನಾ ಕಾಲದಲ್ಲಿ ಬೇಕೇ?’ ಎಂದು ಹಲವರು ಕೇಳುತ್ತಾರೆ. ಪಂಪಿನಲ್ಲಿ ಹೋಗುವುದು ಮೈಕ್ರೊಗ್ರಾಂ ಲೆಕ್ಕದ ಮದ್ದು, ಅದೂ ನೇರ ಶ್ವಾಸನಾಳಕ್ಕೆ. ನಿಲ್ಲಿಸಿದರೆ ಬಾವು ಮರಳುತ್ತದೆ, ಆ ಎದೆಗೆ ವೈರಾಣು ಸಿಕ್ಕರೆ ಎರಡು ಕಷ್ಟ ಒಟ್ಟಿಗೆ. 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗಗಳಲ್ಲಿ ಬ್ಯುಡೆಸೊನೈಡ್ ಎಳೆದುಕೊಂಡ ಕೊರೊನಾ ರೋಗಿಗಳು ಕೆಲ ದಿನ ಬೇಗ ಚೇತರಿಸಿಕೊಂಡದ್ದೂ ಉಂಟು.

ಎಳೆದುಕೊಳ್ಳುವ ಕ್ರಮ ಹೀಗೆ. ಒತ್ತುವ ಪಂಪಾದರೆ ಅಲ್ಲಾಡಿಸಿ, ಉಸಿರು ಪೂರ್ತಿ ಬಿಟ್ಟು, ತುಟಿ ಬಿಗಿಹಿಡಿದು, ನಿಧಾನ ಎಳೆಯಲು ಶುರುಮಾಡಿದ ಕ್ಷಣದಲ್ಲೇ ಒತ್ತಿ. ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಎರಡನೆಯದಕ್ಕೆ ಅರ್ಧ ನಿಮಿಷ ಬಿಡಿ. ಕ್ಯಾಪ್ಸೂಲ್ ಹಾಕುವ ರೋಟಾಹೇಲರ್ ಇದಕ್ಕೆ ಉಲ್ಟಾ: ಜೋರಾಗಿ, ಒಂದೇ ದಮ್ಮಿಗೆ ಎಳೆಯಬೇಕು. ಮಕ್ಕಳಿಗೂ ವಯಸ್ಸಾದವರಿಗೂ ಒತ್ತುವ ಪಂಪಿಗೆ ಜೋಡಿಸುವ ಸ್ಪೇಸರ್ ಎಂಬ ಕೊಳವೆ ಕೊಡಿಸಿ. ಒತ್ತುವುದಕ್ಕೂ ಎಳೆಯುವುದಕ್ಕೂ ಹೊಂದಿಕೆ ತಪ್ಪಿದರೂ ಮದ್ದು ಒಳಗೇ ಇರುತ್ತದೆ. ಸೋಪಿನ ನೀರಲ್ಲಿ ತೊಳೆದ ಸ್ಪೇಸರನ್ನು ಬಟ್ಟೆಯಿಂದ ಒರೆಸದೆ ಗಾಳಿಗೆ ಆರಿಸಿ. ಸ್ಟಿರಾಯ್ಡ್ ಪಂಪ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳದಿದ್ದರೆ ನಾಲಿಗೆ ಮೇಲೆ ಬಿಳಿ ಅಗ್ರ ಬರಬಹುದು.

ಹಂತ 3: ಹೊಗೆ, ದೂಳು, ಘಾಟು

ರಾಶಿಗೆ, ರವದಿ ಸುಡುವಲ್ಲಿಗೆ, ರಬಕವಿ-ಬನಹಟ್ಟಿಯ ಮಗ್ಗದ ಮನೆಗೆ ಹೋಗುವಾಗ ಒಳ್ಳೆಯ ಮಾಸ್ಕ್ ಇರಲಿ. ಅದು ದೂಳನ್ನೂ ವೈರಾಣುವನ್ನೂ ತಡೆಯುತ್ತದೆ. ವರ್ಷದ ಖಾರ ಕುಟ್ಟಿಸುವ ದಿನ ಅಸ್ತಮಾ ಇದ್ದವರನ್ನು ಬೀಗರ ಮನೆಗೆ ಕಳಿಸಿದರೂ ತಪ್ಪಿಲ್ಲ. ಹಿತ್ತಲಿನ ಕಾಂಗ್ರೆಸ್ ಕಸ ಹೂ ಬಿಡುವ ಮೊದಲೇ ಬೇರೆಯವರಿಂದ ಕೀಳಿಸಿ.

ಹಂತ 4: ಜ್ವರ ಬಂದಾಗ

ಜ್ವರ, ಮೈಕೈನೋವು, ಗಂಟಲುನೋವು ಇದ್ದರೆ ಅದು ಬರೀ ಅಸ್ತಮಾ ಅಲ್ಲ. ಯಾವ ವೈರಾಣು ಎಂದು ಪರೀಕ್ಷೆಯೇ ಹೇಳಬೇಕು. ದಿನದ ಪಂಪ್ ನಿಲ್ಲಿಸಬೇಡಿ. ಮೊದಲಿಂದಲೂ ಸ್ಟಿರಾಯ್ಡ್ ಗುಳಿಗೆ ಇದ್ದವರು ಏಕಾಏಕಿ ಬಿಡುವುದು ಅಪಾಯ. ಹಾಗೆಯೇ ಇಲ್ಲದವರು ತಾವೇ ತಂದು ನುಂಗುವುದೂ ಅಪಾಯ: ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಕೊರೊನಾದಲ್ಲಿ ಜೀವ ಉಳಿಸಿದ್ದು ಆಮ್ಲಜನಕ ಬೇಕಾದ ರೋಗಿಗಳಲ್ಲಿ. 2021ರ ಕಪ್ಪು ಶಿಲೀಂಧ್ರದ ಹಾವಳಿ ಸಕ್ಕರೆ ಕಾಯಿಲೆ ಮತ್ತು ಮಿತಿಮೀರಿದ ಸ್ಟಿರಾಯ್ಡ್ ಎರಡಕ್ಕೂ ತಳುಕು ಹಾಕಿಕೊಂಡಿತ್ತು.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಕೆಲ ಅಸ್ತಮಾ ರೋಗಿಗಳಿಗೆ ಉಬ್ಬಸ ಎಬ್ಬಿಸುತ್ತವೆ. ರಿಟೊನವಿರ್ ಇರುವ ಕೊರೊನಾ ಮಾತ್ರೆ ಬರೆಯುವಾಗ ಯಾವ ಪಂಪ್ ಬಳಸುತ್ತೀರಿ ಎಂದು ವೈದ್ಯರಿಗೆ ತೋರಿಸಿ, ಎರಡಕ್ಕೂ ಹೊಂದದೆ ಇರಬಹುದು. ಮನೆಯಲ್ಲಿ ನೆಬ್ಯುಲೈಸರ್ ಮಷಿನ್ ಇದ್ದರೂ ಸಾಧ್ಯವಾದಷ್ಟು ಪಂಪ್ ಮತ್ತು ಸ್ಪೇಸರ್ ಬಳಸಿ. ಮಷಿನ್ನಿನ ಹಬೆಯ ಜೊತೆ ವೈರಾಣು ಕೋಣೆಯೆಲ್ಲ ಹರಡಬಹುದು.

ರಕ್ತದಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಮೀಟರನ್ನು ಬೆಚ್ಚಗಿನ, ಬಣ್ಣ ಹಚ್ಚದ ಬೆರಳಿಗೆ ಹಾಕಿ, ಅಂಕಿ ನಿಲ್ಲುವವರೆಗೆ ಕಾಯಿರಿ. 95 ಮತ್ತು ಮೇಲಿದ್ದರೆ ಸರಿ. 94 ಅಥವಾ ಕೆಳಗಿಳಿದು ಅಲ್ಲೇ ನಿಂತರೆ ದವಾಖಾನೆಗೆ. 90ಕ್ಕಿಂತ ಕೆಳಗೆ ಎಂದರೆ ತುರ್ತು. ಕೊರೊನಾದಲ್ಲಿ ದಮ್ಮು ಹತ್ತದೆಯೂ ಆಮ್ಲಜನಕ ಇಳಿಯಬಹುದಾದ್ದರಿಂದ ‘ನಂಗೇನೂ ಆಗಿಲ್ಲ’ ಎನ್ನುವವರಿಗೂ ಹಾಕಿ ನೋಡಿ. ಕೊರೊನಾ ಹಾವಳಿಯ ದಿನಗಳಲ್ಲಿ ಎಲ್ಲೆಡೆ ಹೇಳುತ್ತಿದ್ದ, ಆರು ನಿಮಿಷ ನಡೆದು ಆಮ್ಲಜನಕ ನೋಡುವ ಪರೀಕ್ಷೆ ಅಸ್ತಮಾದವರಿಗೆ ಬೇಡ.

ಹಂತ 5: ಯಾವಾಗ ಹೊರಡಬೇಕು

ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು, ಪಕ್ಕೆಲುಬಿನ ನಡುವೆ ಚರ್ಮ ಒಳಗೆಳೆಯುವುದು, ತುಟಿ ನೀಲಿ, ಮಂಪರು: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ನೆಟ್ಟಗೆ ಕೂರಿಸಿ, ಸ್ಪೇಸರಿನಿಂದ ಸಾಲ್ಬುಟಮಾಲ್ ಒಂದೊಂದಾಗಿ ನಾಲ್ಕು ಸಲ ಕೊಡಿ. ಕೆಲ ನಿಮಿಷದಲ್ಲಿ ಇಳಿಯದಿದ್ದರೆ ಮತ್ತೆ ನಾಲ್ಕು. ಚಡಚಣದಂಥ ಊರಿನಿಂದ ವಿಜಯಪುರ ಮುಟ್ಟಲು ತಾಸು ಮೀರುತ್ತದೆ, ಹಾಗಾಗಿ ‘ಬೆಳಕು ಹರಿಯಲಿ, ನೋಡೋಣು’ ಎಂದು ಕೂರಬೇಡಿ. ಪಂಪ್, ಸ್ಪೇಸರ್, ಹಳೆಯ ಚೀಟಿ, ಆಧಾರ್ ಮತ್ತು ಆಯುಷ್ಮಾನ್ ಕಾರ್ಡ್ ಒಂದೇ ಚೀಲದಲ್ಲಿ ಬಾಗಿಲ ಹಿಂದೆ ತೂಗುಹಾಕಿರಲಿ.

ಹಂತ 6: ವಾಸಿಯಾದ ಮೇಲೆ

ಕೆಮ್ಮು ಕೆಲ ವಾರ ಎಳೆಯುವುದುಂಟು. ಆಗಲೂ ಪಂಪ್ ನಡೆಯಲಿ, ನಾಲ್ಕು ಪ್ರಶ್ನೆ ಮತ್ತೆ ಕೇಳಿಕೊಳ್ಳಿ. ಉತ್ತರ ಮೊದಲಿಗಿಂತ ಕೆಟ್ಟಿದ್ದರೆ ಪಂಪಿನ ಪ್ರಮಾಣ ಬದಲಿಸಬೇಕಾಗಬಹುದು. ಅದನ್ನು ವೈದ್ಯರು ಮಾಡಲಿ, ಔಷಧಿ ಅಂಗಡಿಯವರಲ್ಲ. ಅಸ್ತಮಾ ಕೊರೊನಾ ಲಸಿಕೆಗೆ ಅಡ್ಡಿಯಲ್ಲ, ವರ್ಷಕ್ಕೊಮ್ಮೆಯ ಫ್ಲೂ ಲಸಿಕೆಗೂ ಅಲ್ಲ. ಹಿಂದೆ ಯಾವುದಾದರೂ ಚುಚ್ಚುಮದ್ದಿಗೆ ತೀವ್ರ ಅಲರ್ಜಿ ಆಗಿದ್ದರೆ ಮಾತ್ರ ಮೊದಲೇ ಹೇಳಿ.