ಗ್ರೂಪಿನ ಸಲಹೆ, ಮನೆಯ ದುಡ್ಡು: ನನ್ನ ಅನುಭವ

ಶಿವಮೊಗ್ಗದಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಹೂಡಿಕೆಯ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಬಹುಪಾಲು ವಾಟ್ಸಾಪ್, ಟೆಲಿಗ್ರಾಂ ಗುಂಪುಗಳಲ್ಲಿ ಕಲಿತದ್ದು. ಹಾಗಾಗಿ ಅಲ್ಲಿರುವುದೆಲ್ಲ ಮೋಸ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮ್ಯೂಚುವಲ್ ಫಂಡನ್ನು ನಾವೇ ನೇರವಾಗಿ ಕೊಳ್ಳುವ ಡೈರೆಕ್ಟ್ ಪ್ಲಾನಿಗೂ ಏಜೆಂಟರ ಮೂಲಕ ಕೊಳ್ಳುವ ರೆಗ್ಯುಲರ್ ಪ್ಲಾನಿಗೂ ಏನು ವ್ಯತ್ಯಾಸ ಅಂತ ತಿಳಿದದ್ದು ಅಂಥದೊಂದು ಗುಂಪಿನಿಂದಲೇ. ಫಂಡ್ ಒಂದೇ, ನಡೆಸುವವರೂ ಅವರೇ. ರೆಗ್ಯುಲರ್‌ನಲ್ಲಿ ಏಜೆಂಟರ ಕಮಿಷನ್ ವರ್ಷವರ್ಷವೂ ನಮ್ಮ ದುಡ್ಡಿನಿಂದಲೇ ಕಡಿತವಾಗುತ್ತದೆ. ಶೇ. 1 ತಾನೆ ಅನ್ನಿಸಬಹುದು. 10 ಲಕ್ಷ ರೂಪಾಯಿ ಶೇ. 11ರಂತೆ 20 ವರ್ಷ ಬೆಳೆದರೆ ಸುಮಾರು 80.6 ಲಕ್ಷ ಆಗುತ್ತದೆ, ಶೇ. 10ರಂತೆ ಬೆಳೆದರೆ 67.3 ಲಕ್ಷ. 13 ಲಕ್ಷದ ಅಂತರ!

ಆದರೆ ಎಷ್ಟು ರಿಸ್ಕ್ ತೆಗೆದುಕೊಳ್ಳಬೇಕು ಎಂಬುದನ್ನು ಮಾತ್ರ ನಾನು ಗುಂಪಿಗೆ ಬಿಟ್ಟಿಲ್ಲ. "ವಯಸ್ಸಿದೆ, ಎಲ್ಲಾ ಈಕ್ವಿಟಿಗೆ (ಅಂದರೆ ಷೇರಿಗೆ) ಹಾಕಿ, ಎಫ್‌ಡಿ ದಂಡ" ಎಂದು ಬರೆಯುವವರಿಗೆ ತಿಂಗಳ ಕೊನೆಗೆ ತಪ್ಪದೆ ಸಂಬಳ ಬರುತ್ತಿರಬಹುದು, ಸಾಲ ಇಲ್ಲದಿರಬಹುದು, ಅಪ್ಪ ಕಟ್ಟಿಸಿದ ಮನೆ ಇರಬಹುದು. ಅದು ಯಾವುದೂ ಮೆಸೇಜಿನಲ್ಲಿ ಕಾಣುವುದಿಲ್ಲ. ನನ್ನ ಆದಾಯವೇ ಏರಿಳಿತದ್ದು. ಅಂಗಡಿ ಬಾಡಿಗೆ, ಹುಡುಗರ ಸಂಬಳ, ಅವಧಿ ಮುಗಿಯುತ್ತಾ ಬಂದ ಸ್ಟಾಕು, ಉದ್ರಿ ಪುಸ್ತಕ, ಇವೆಲ್ಲದರ ರಿಸ್ಕು ಆಗಲೇ ನನ್ನ ತಲೆ ಮೇಲಿದೆ. ಸಂಬಳದವರು ಹೊರಬಹುದಾದಷ್ಟನ್ನು ನಾನು ಷೇರು ಪೇಟೆಯಲ್ಲಿ ಹೊರಲಾರೆ.

ಆದ್ದರಿಂದ ಹೆಂಡತಿಯೂ ನಾನೂ ಕೂತು ಒಂದು ಹಾಳೆಯಲ್ಲಿ ಲೆಕ್ಕ ಬರೆದೆವು. ಮೊದಲು ಒಂದು ವರ್ಷದ ಮನೆ ಖರ್ಚು ಮತ್ತು ಅಂಗಡಿಯ ಆರು ತಿಂಗಳ ಖರ್ಚು. ಅದು ಪೂರ್ತಿ ಎಫ್‌ಡಿಗೆ, ಅದೂ ಬೇರೆಬೇರೆ ಬ್ಯಾಂಕುಗಳಲ್ಲಿ, ಬಡ್ಡಿ ಸೇರಿದರೂ ಒಂದೊಂದರಲ್ಲಿ 5 ಲಕ್ಷ ಮೀರದಂತೆ. ಬ್ಯಾಂಕ್ ಮುಳುಗಿದರೆ ಠೇವಣಿ ವಿಮೆ ಕೊಡುವುದು ಅಷ್ಟನ್ನೇ. 2020ರ ಫೆಬ್ರವರಿಗೆ ಮುಂಚೆ ಬರೀ 1 ಲಕ್ಷ ಇತ್ತು. ಆಮೇಲೆ ಟರ್ಮ್ ವಿಮೆ (ಅವಧಿಯೊಳಗೆ ಸತ್ತರೆ ಮಾತ್ರ ಮನೆಯವರಿಗೆ ದುಡ್ಡು ಬರುವಂಥದ್ದು), ಆರೋಗ್ಯ ವಿಮೆ. ಉಳಿದದ್ದರಲ್ಲಿ ಪೇಟೆಗೆ ಎಷ್ಟು ಅನ್ನುವಾಗ ಶೇಕಡಾವಾರು ಬಿಟ್ಟು ರೂಪಾಯಿಯಲ್ಲೇ ಮಾತಾಡಿದೆವು: ಇದರಲ್ಲಿ ಅರ್ಧ ಕರಗಿದರೆ ಮನೆ ನಡೆಯುತ್ತದಾ? ಅರ್ಧ ಅಂದದ್ದು ಸುಮ್ಮನೆ ಅಲ್ಲ. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಷೇರು ಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಅಕ್ಟೋಬರ್ ಹೊತ್ತಿಗೆ 9,000ದ ಕೆಳಗೆ ಬಂದಿತ್ತು. ನಡೆಯುತ್ತದೆ ಎಂದು ಇಬ್ಬರಿಗೂ ಅನ್ನಿಸಿದ ಮೊತ್ತವನ್ನಷ್ಟೇ ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಇಂಡೆಕ್ಸ್ ಫಂಡಿಗೆ ಹಾಕಿದೆವು.

2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,934 ಅಂಶ, ಅಂದರೆ ಶೇ. 13ರಷ್ಟು ಬಿತ್ತು. ನನ್ನ ಅಂಗಡಿ ಮುಂದೆ ಮಾಸ್ಕು, ಸ್ಯಾನಿಟೈಸರಿಗೆ ಸಾಲು. ರಾತ್ರಿ ಗುಂಪು ತೆರೆದರೆ, ಎಲ್ಲಾ ಈಕ್ವಿಟಿಗೆ ಹಾಕಿ ಎನ್ನುತ್ತಿದ್ದವರೇ ಎಸ್‌ಐಪಿ (ತಿಂಗಳು ತಿಂಗಳು ಫಂಡಿಗೆ ಕಟ್ಟುವ ಕಂತು) ನಿಲ್ಲಿಸಬೇಕಾ ಎಂದು ಕೇಳುತ್ತಿದ್ದರು. ಅವರನ್ನು ದೂರುತ್ತಿಲ್ಲ, ಭಯ ಯಾರಿಗಾದರೂ ಆಗುವಂಥದ್ದೇ. ನಮ್ಮ ಎಸ್‌ಐಪಿ ಮುಂದುವರಿಯಿತು, ಏಕೆಂದರೆ ಆ ದುಡ್ಡು ಇಲ್ಲದೆಯೂ ಮನೆ ನಡೆಯುತ್ತಿತ್ತು. ಮರುವರ್ಷ ಪೇಟೆ ಏರಿದಾಗ ಗುಂಪಿನಲ್ಲಿ ಹಳೆಯ ಧೈರ್ಯವೇ ವಾಪಸ್ ಬಂತು.

ನನಗೆ ನಿಜಕ್ಕೂ ಸಂಕಟ ಆಗುವುದು ಬೆಲೆ ಮುಂದೆ ಏರುತ್ತದೋ ಇಳಿಯುತ್ತದೋ ಎಂದು ಪಣ ಕಟ್ಟುವ ಆಪ್ಷನ್ ಟ್ರೇಡಿಂಗ್ ಗುಂಪುಗಳನ್ನು ನೋಡಿದಾಗ. ದಿನಾ ಲಾಭದ ಸ್ಕ್ರೀನ್‌ಶಾಟ್. ನಷ್ಟ ಆದವರು ಸದ್ದಿಲ್ಲದೆ ಗುಂಪು ಬಿಡುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಪ್ರಕಟಿಸಿದ ಅಧ್ಯಯನ ನೋಡಿ: 2021-22ರಿಂದ ಮೂರು ಹಣಕಾಸು ವರ್ಷಗಳಲ್ಲಿ ಇಂಥ ಫ್ಯೂಚರ್ಸ್, ಆಪ್ಷನ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ ಶೇ. 93 ಮಂದಿಗೆ ನಷ್ಟ, ಒಟ್ಟು 1.8 ಲಕ್ಷ ಕೋಟಿ ರೂಪಾಯಿ ಮೀರಿ. ಮೆಡಿಕಲ್ ರೆಪ್ ಹುಡುಗರು ಟಿಪ್ಸ್ ಗುಂಪು ತೋರಿಸಿದರೆ, ಕೌಂಟರಿನಲ್ಲೇ ಸೆಬಿ ವೆಬ್‌ಸೈಟ್ ತೆರೆದು ಸಲಹೆ ಕೊಡುವವರ ನೋಂದಣಿ ಸಂಖ್ಯೆ ಹುಡುಕಿಸುತ್ತೇನೆ. ಹೂಡಿಕೆ ಸಲಹೆಗಾರರದು ಐಎನ್‌ಎ ಎಂದೂ ರಿಸರ್ಚ್ ಅನಲಿಸ್ಟರದು ಐಎನ್‌ಎಚ್ ಎಂದೂ ಶುರುವಾಗುತ್ತದೆ. ಸಂಖ್ಯೆ ಇದ್ದರೆ ಸಾಲದು, ಅಲ್ಲಿರುವ ಹೆಸರು ದುಡ್ಡು ಕೇಳುತ್ತಿರುವವರದೇ ಆಗಿರಬೇಕು. ನೋಂದಣಿ ಇದ್ದ ಮಾತ್ರಕ್ಕೆ ಲಾಭ ಖಾತ್ರಿ ಅಂತಲೂ ಅಲ್ಲ, ದೂರು ಕೊಡಲು ಒಂದು ವಿಳಾಸ ಇರುತ್ತದೆ ಅಷ್ಟೆ.

ನಾನು ಈಗಲೂ ಒಂದು ಚೀಟಿ ಕಟ್ಟುತ್ತೇನೆ, 1982ರ ಚಿಟ್ ಫಂಡ್ಸ್ ಕಾಯ್ದೆಯಡಿ ನೋಂದಾಯಿಸಿದ್ದು. ಗುಂಪಿನವರು ಹಳೇ ಕಾಲದ್ದು ಅನ್ನುತ್ತಾರೆ. ಸವಾಲಿನಲ್ಲಿ ಯಾರು ಎಷ್ಟು ಬಿಟ್ಟುಕೊಡುತ್ತಾರೆ ಎಂಬುದರಲ್ಲೇ ಯಾರಿಗೆ ತುರ್ತು ಇದೆ ಅಂತ ಅಲ್ಲಿ ಗೊತ್ತಾಗುತ್ತದೆ. ಫೋನಿನ ಗುಂಪಿನಲ್ಲಿ ಅದು ಗೊತ್ತಾಗುವುದಿಲ್ಲ. ಹಾಗಾಗಿ ಹೊಸಬರು ಎಲ್ಲಿ ಹಾಕಲಿ ಎಂದು ಕೇಳಿದಾಗ ನಾನು ತಿರುಗಿ ಕೇಳುತ್ತೇನೆ: ಸಾಲ ಎಷ್ಟಿದೆ, ನಿಮ್ಮನ್ನು ನಂಬಿಕೊಂಡವರು ಯಾರು, ದುಡ್ಡು ಯಾವಾಗ ಬೇಕು? ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಪರವಾಗಿಲ್ಲ.

ಹಾಳೆಯನ್ನು ಪ್ರತಿವರ್ಷ ತೆಗೆದು ತಿದ್ದುತ್ತೇವೆ. ಮಗಳ ಕಾಲೇಜು ಹತ್ತಿರ ಬಂದಿರುವುದರಿಂದ ಅವಳ ಫೀಸಿನ ಮಟ್ಟಿಗೆ ಫಂಡಿನಿಂದ ಎಫ್‌ಡಿಗೆ ಸಾಗಿಸಲು ಶುರುಮಾಡಿದ್ದೇವೆ. ಪೇಟೆ ಏರುವಾಗ ಯಾಕೆ ತೆಗೆಯುತ್ತೀರಿ ಎಂದು ಗುಂಪಿನಲ್ಲಿ ಹಲವರು ಕೇಳಿದರು. ಒಬ್ಬರು ಮಾತ್ರ ಉಪಯೋಗದ ಮಾತು ಹೇಳಿದರು: ಈಕ್ವಿಟಿ ಫಂಡಿನ ದೀರ್ಘಾವಧಿ (ಒಂದು ವರ್ಷ ಮೀರಿ ಇಟ್ಟದ್ದರ) ಲಾಭದಲ್ಲಿ ಹಣಕಾಸು ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಮೇಲಿನದಕ್ಕೆ ಶೇ. 12.5, ಆದ್ದರಿಂದ ಒಂದೇ ಸಲ ತೆಗೆಯಬೇಡಿ. ಅದರಂತೆ ಒಂದು ಕಂತು ಮಾರ್ಚ್ 31ರ ಒಳಗೆ, ಇನ್ನೊಂದು ಹೊಸ ಹಣಕಾಸು ವರ್ಷ ಶುರುವಾಗುವ ಏಪ್ರಿಲ್‌ನಲ್ಲಿ.