ಜಗಳಕ್ಕೆ ಮುನ್ನ ಒಂದು ಗೆರೆ ಎಳೆದು ನೋಡಿ

ಗಂಡ ಹುಟ್ಟುಹಬ್ಬ ಮರೆತರೆ ಸಾಕು, ‘ಇವರಿಗೆ ನನ್ನ ಮೇಲೆ ಪ್ರೀತಿಯೇ ಇಲ್ಲ’ ಎಂಬ ತೀರ್ಮಾನಕ್ಕೆ ಮನಸ್ಸು ಜಿಗಿಯುತ್ತದೆ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ, ಯೋಚಿಸುವ ರೀತಿಯನ್ನು ಪರೀಕ್ಷಿಸಿ ತಿದ್ದಿಕೊಳ್ಳುವ ಕಾಗ್ನಿಟಿವ್ ಥೆರಪಿಯಲ್ಲಿ ಇದಕ್ಕೊಂದು ಸರಳ ಅಭ್ಯಾಸವಿದೆ. ಕಾಗದದ ಮೇಲೆ ಗೆರೆ ಎಳೆದು ಒಂದು ತುದಿಗೆ 0, ಇನ್ನೊಂದಕ್ಕೆ 100 ಎಂದು ಬರೆಯಿರಿ. ಇದು ಪ್ರೀತಿಯ ಅಳತೆಗೋಲು: 0 ಎಂದರೆ ಹೆಂಡತಿ ಕಾಯಿಲೆ ಬಿದ್ದರೂ ತಿರುಗಿ ನೋಡದವನು, 100 ಎಂದರೆ ಒಂದು ದಿನವೂ ಪ್ರೀತಿ ತೋರಲು ಮರೆಯದವನು. ಈಗ ನಿಮ್ಮವರನ್ನು ಎಲ್ಲಿ ಗುರುತಿಸುತ್ತೀರಿ? ಹೆಚ್ಚಿನವರ ಪೆನ್ನು ನಡುವೆ ಎಲ್ಲೋ ನಿಲ್ಲುತ್ತದೆ. ಆಮೇಲೆ ‘ನೀವು ಯಾವಾಗಲೂ ಹೀಗೇ’ ಎನ್ನದೆ ‘ನಿನ್ನೆ ಮರೆತದ್ದಕ್ಕೆ ಬೇಸರವಾಯಿತು’ ಎಂದು ಹೇಳಿ. ಕೋಪ ನೆತ್ತಿಗೇರಿದಾಗ ಮಾತ್ರ ಗೆರೆ ಎಳೆಯಲು ಕೂರಬೇಡಿ, ಆಗ ಎಲ್ಲರಿಗೂ ಸೊನ್ನೆಯೇ! ಹೊಡೆತ, ಬೆದರಿಕೆ ಇರುವ ಮನೆಗೆ ಈ ಲೆಕ್ಕಾಚಾರ ಸಲ್ಲದು. ಅಲ್ಲಿ 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ. ಮನಸ್ಸು ತೀರಾ ಕುಗ್ಗಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತನಾಡಬಹುದು.