ನೀರುಳ್ಳಿ ಸಿಪ್ಪೆಯಲ್ಲಿ ರಸದಾನಿ ನೋಡುವುದು ಹೇಗೆ?

ಕೆಂಪು ಹರಿವೆ ಸೊಪ್ಪು ತೊಳೆಯುವಾಗ ಗಮನಿಸಿದ್ದೀರಾ? ಇಡೀ ಎಲೆಯನ್ನು ತಣ್ಣೀರಿನಲ್ಲಿ ಮುಳುಗಿಸಿಟ್ಟರೆ ನೀರು ಕೆಂಪಾಗುವುದಿಲ್ಲ. ಅದೇ ಸೊಪ್ಪು ಬಾಣಲೆಯಲ್ಲಿ ಸ್ವಲ್ಪ ಬೆಂದರೆ ಸಾಕು, ಪಲ್ಯ ಬಡಿಸಿದ ಕಡೆ ಅನ್ನವೆಲ್ಲ ಕೆಂಪು. ಅಷ್ಟು ಬಣ್ಣ ಅಲ್ಲಿವರೆಗೆ ಎಲ್ಲಿತ್ತು? ಜೀವಕೋಶದೊಳಗೆ, ತೆಳು ಪೊರೆಯ ಒಂದು ಚೀಲದಲ್ಲಿ. ಬಿಸಿ ತಾಗಿ ಪೊರೆ ಕೆಟ್ಟಿತು, ಬಣ್ಣ ಹೊರಬಂತು.

ಆ ಚೀಲವೇ ರಸದಾನಿ. ಇಂಗ್ಲಿಷಿನ 'ವ್ಯಾಕ್ಯೂಓಲ್' ಹುಟ್ಟಿದ್ದು ಖಾಲಿ ಎಂಬ ಅರ್ಥದ ಲ್ಯಾಟಿನ್ ಪದದಿಂದ. 1841ರಲ್ಲಿ ಫ್ರಾನ್ಸಿನ ವಿಜ್ಞಾನಿ ದುಜಾರ್ದಾಂ ಆ ಹೆಸರಿಟ್ಟಾಗ ಮೈಕ್ರೋಸ್ಕೋಪಿನಲ್ಲಿ ಕಂಡದ್ದು ಬರೀ ಬೋಳು ಜಾಗ. ನಮ್ಮ ಕಾಸರಗೋಡಿನಲ್ಲಿ ಪಕ್ಕದ ಮಲಯಾಳ ಕ್ಲಾಸಿನ ಮಕ್ಕಳು ಇದನ್ನೇ 'ಫೇನಂ' ಎಂದು ಓದುತ್ತಾರೆ. ಫೇನ ಅಂದರೆ ನೊರೆ. ನನ್ನನ್ನು ಕೇಳಿದರೆ ಮೂರರಲ್ಲಿ ರಸದಾನಿಯೇ ಸರಿ. ಅದರೊಳಗೆ ಇರುವುದು ರಸವೇ ಅಲ್ವಾ?

ಚಿತ್ರ ಬಿಡಿಸಿ ಬಾಯಿಪಾಠ ಮಾಡುವ ಬದಲು ಒಮ್ಮೆ ಕಣ್ಣಾರೆ ನೋಡಿಬಿಡಿ. ಶಾಲೆಯ ಲ್ಯಾಬಿನ ಸಾದಾ ಮೈಕ್ರೋಸ್ಕೋಪ್, ಸ್ಲೈಡ್, ಕವರ್ ಗ್ಲಾಸ್, ಡ್ರಾಪರ್, ಚಿಮ್ಮಟ, ಬ್ಲಾಟಿಂಗ್ ಪೇಪರ್ ಬೇಕು. ಮನೆಯಿಂದ ಉಪ್ಪು ಮತ್ತು ಒಂದು ನೀರುಳ್ಳಿ. ಬಿಳಿಯದ್ದು ಆಗದು, ಚೆನ್ನಾಗಿ ನೇರಳೆ ಬಣ್ಣ ಇರುವುದೇ ಬೇಕು.

ಸಿಪ್ಪೆ ತೆಗೆಯುವುದು

ಒಣ ಸಿಪ್ಪೆ ಬಿಸಾಡಿ. ರಸ ಇರುವ ಒಂದು ಪದರ ಬಿಡಿಸಿ, ಅದನ್ನು ಹೊರಮೈ ಕಡೆ ಮಡಚಿ ಮುರಿಯಿರಿ. ಮುರಿದಲ್ಲಿ ತೆಳು ನೇರಳೆ ಪೊರೆ ನೇತಾಡುತ್ತದೆ. ಚಿಮ್ಮಟದಲ್ಲಿ ಹಿಡಿದು ಮೆಲ್ಲ ಎಳೆಯಿರಿ. ಸಾಮಾನ್ಯವಾಗಿ ಒಳಮೈಯ ಪೊರೆ ತೆಗೆಯಲು ಹೇಳುತ್ತಾರೆ. ಅದು ಸುಲಭಕ್ಕೆ ಬರುತ್ತದೆ, ನಿಜ. ಆದರೆ ಅದಕ್ಕೆ ಬಣ್ಣವಿಲ್ಲ, ರಸದಾನಿ ಎದ್ದು ಕಾಣುವುದಿಲ್ಲ. ನಾನು ಮೊದಲ ಸಲ ಅವಸರದಲ್ಲಿ ದಪ್ಪ ತುಂಡನ್ನೇ ಇಟ್ಟು, ಅರ್ಧ ಗಂಟೆ ಬರೀ ಕಪ್ಪು ಕಲೆ ನೋಡಿದ್ದೆ. ಪೊರೆಯ ಮೂಲಕ ಪುಸ್ತಕದ ಅಕ್ಷರ ಕಾಣುವಷ್ಟು ತೆಳುವಿರಲಿ.

ಸ್ಲೈಡಿನ ಮೇಲೆ ಒಂದು ಹನಿ ನೀರು, ಅದರಲ್ಲಿ ಸುಕ್ಕಿಲ್ಲದೆ ಪೊರೆ. ಕವರ್ ಗ್ಲಾಸನ್ನು ಓರೆಯಾಗಿ ಇಳಿಸಿ, ಇಲ್ಲದಿದ್ದರೆ ಗಾಳಿಗುಳ್ಳೆಯನ್ನೇ ಜೀವಕೋಶ ಅಂದುಕೊಳ್ಳುತ್ತೀರಿ. ನೂರು ಪಟ್ಟು ದೊಡ್ಡದಾಗಿಸಿ ನೋಡಿದರೆ ಇಟ್ಟಿಗೆ ಜೋಡಿಸಿದಂತೆ ಉದ್ದುದ್ದ ಕೋಣೆಗಳು, ಒಂದೊಂದರಲ್ಲೂ ಅಂಚಿನವರೆಗೆ ನೇರಳೆ. ಆ ನೇರಳೆಯಷ್ಟೂ ರಸದಾನಿ. ಬಲಿತ ಸಸ್ಯಕೋಶದಲ್ಲಿ ಅದು ಶೇ 80-90ರಷ್ಟು ಜಾಗ ಹಿಡಿಯುವುದೂ ಉಂಟು. ಕೋಶದ್ರವ್ಯ, ಕೋಶಕೇಂದ್ರ ಎಲ್ಲ ಗೋಡೆಗೆ ಒತ್ತಿಕೊಂಡು ಕೂತಿರುತ್ತವೆ.

ಉಪ್ಪು ನೀರು ಬಿಡುವುದು

ಅರ್ಧ ಗ್ಲಾಸ್ ನೀರಿಗೆ ಒಂದು ಟೀ ಚಮಚ ಉಪ್ಪು ಕದಡಿ. ಕವರ್ ಗ್ಲಾಸಿನ ಒಂದು ಅಂಚಿಗೆ ಎರಡು ಹನಿ ಬಿಟ್ಟು, ಎದುರು ಅಂಚಿಗೆ ಬ್ಲಾಟಿಂಗ್ ಪೇಪರ್ ತಾಗಿಸಿ. ಉಪ್ಪು ನೀರು ಒಳಗೆ ಸರಿಯುತ್ತದೆ. ಈಗ ಕಣ್ಣು ತೆಗೆಯಬೇಡಿ. ಮೊದಲು ಮೂಲೆಗಳಲ್ಲಿ ನೇರಳೆ ಬಣ್ಣ ಗೋಡೆಯನ್ನು ಬಿಟ್ಟು ಸರಿಯುತ್ತದೆ. ಕೆಲವೇ ನಿಮಿಷಕ್ಕೆ ಇಡೀ ಕೋಣೆಯ ಬಣ್ಣ ನಡುವೆ ಮುದುಡಿ, ಗಾಢ ಮುದ್ದೆಯಾಗುತ್ತದೆ. ಗೋಡೆ ಮಾತ್ರ ಇದ್ದ ಹಾಗೇ ಇರುತ್ತದೆ.

ನೀರು ಹೊರಗೆ ಹೋಯಿತು, ಬಣ್ಣ ಹೋಗಲಿಲ್ಲ. ಇದನ್ನು ಮಾಡಿದ್ದು ಪೊರೆಗಳು. ರಸದಾನಿಯ ಸುತ್ತಲಿನ ಪೊರೆಗೆ ಟೋನೋಪ್ಲಾಸ್ಟ್ ಎನ್ನುತ್ತಾರೆ; 1885ರಲ್ಲಿ ಆ ಹೆಸರು ಕೊಟ್ಟವರು ಡಚ್ ವಿಜ್ಞಾನಿ ಹ್ಯೂಗೋ ಡಿ ವ್ರೀಸ್. ನೀರು ಅದನ್ನು ಸುಲಭವಾಗಿ ದಾಟುತ್ತದೆ, ಉಳಿದದ್ದಕ್ಕೆ ಕಾವಲು. ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟಾಗ ಭರಣಿಯಲ್ಲಿ ನೀರು ನಿಂತು ಮಿಡಿ ಚಿರುಟುತ್ತದಲ್ಲ, ಅದರ ಶುರುವೂ ಹೀಗೆಯೇ.

ಹೆಚ್ಚು ಹೊತ್ತು ಬಿಡದೆ, ಅದೇ ರೀತಿ ಒಳ್ಳೆ ನೀರು ಹಾಯಿಸಿ. ಮುದ್ದೆ ಮತ್ತೆ ಉಬ್ಬಿ ಗೋಡೆಗೆ ತಾಗುತ್ತದೆ. ಸೈಕಲ್ ಟಯರಿನೊಳಗೆ ಟ್ಯೂಬ್ ಬಿಗಿಯಾದ ಹಾಗೆ. ಮಧ್ಯಾಹ್ನದ ಬಿಸಿಲಿಗೆ ಜೋತುಬಿದ್ದ ಹರಿವೆ ಗಿಡ ಸಂಜೆ ನೀರು ಹಾಕಿದರೆ ನೆಟ್ಟಗಾಗುವುದೂ ಈ ಬಿಗಿಯಿಂದಲೇ. ನಾಚಿಕೆ ಮುಳ್ಳಿನ ಎಲೆ ಮಡಚುವುದು, ತೊಟ್ಟಿನ ಬುಡದ ಕೋಶಗಳು ಥಟ್ಟನೆ ನೀರು ಬಿಟ್ಟು ಸಡಿಲವಾಗುವುದರಿಂದ.

ಕೋಶಕ್ಕೆ ರಸದಾನಿ ಉಗ್ರಾಣವೂ ಹೌದು, ಬೇಡದ್ದನ್ನು ತಳ್ಳುವ ಮೂಲೆಯೂ ಹೌದು. ಲಿಂಬೆಯ ಹುಳಿ ಅಲ್ಲೇ ಇರುವುದು. ಒಳಗಿನ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) ಸುಮಾರು 2.5, ಪೊರೆಯಾಚೆ ಸುಮಾರು 7. ಆ ಹುಳಿ ಸೋರಿದರೆ ಕೋಶವೇ ಸಾಯುತ್ತದೆ. ಕೆಸುವಿನ ಎಲೆ ಕೈ ತುರಿಸುವಂತೆ ಮಾಡುವ ಸೂಜಿಯಂಥ ಹರಳುಗಳೂ ರಸದಾನಿಯಲ್ಲೇ ಬೆಳೆಯುತ್ತವೆ. ಪ್ರಾಣಿಕೋಶಗಳಲ್ಲಿ ರಸದಾನಿಗಳು ಇದ್ದರೂ ಪುಟ್ಟವು. ಆದರೆ ಸಿಹಿನೀರಿನ ಅಮೀಬಾದ ಒಂದು ಬಗೆಯ ರಸದಾನಿ ಹಿಗ್ಗಿ ಕುಗ್ಗಿ, ಒಳನುಗ್ಗಿದ ಹೆಚ್ಚಿನ ನೀರನ್ನು ಹೊರಗೆ ಚೆಲ್ಲುತ್ತಲೇ ಇರುತ್ತದೆ. ಕೆರೆ ನೀರಿನ ಹನಿಯಲ್ಲಿ ಅಮೀಬಾ ಸಿಕ್ಕಿದರೆ ಅದನ್ನೂ ನೋಡಬಹುದು.

ಮುಗಿದ ಮೇಲೆ ಲೆನ್ಸಿಗೆ, ಸ್ಲೈಡ್ ಇಡುವ ತಟ್ಟೆಗೆ ಉಪ್ಪು ನೀರು ತಾಗಿದೆಯಾ ನೋಡಿ, ಆಗಲೇ ಒರೆಸಿಡಿ. ನಮ್ಮ ಕರಾವಳಿಯ ಗಾಳಿಗೇ ಕಬ್ಬಿಣ ತುಕ್ಕು ಹಿಡಿಯುತ್ತದೆ, ಉಪ್ಪು ಬೇರೆ ಬೇಕಾ?